ಹೆಣಿಗೆ ವಿಭಾಗ

ಹಾಸನದ ಸಂತೇಪೇಟೆಯ ಆಲೂಗೆಡ್ಡೆ ಗೋದಾಮಿನಲ್ಲಿ
ನನ್ನದು ಚೀಟಿ ಹೊಲಿಯುವ ಕೆಲಸ.
ಮೂಟೆಯ ಬಾಯಿಗೆ ದಬ್ಬಳ, ಗೋಣಿದಾರ, ಒಂದು ಹಳದಿ ಚೀಟಿ:
ಜಲಂಧರ್, ಬಿತ್ತನೆ ಗೆಡ್ಡೆ, ಐವತ್ತು ಕೇಜಿ.
ಗೆಡ್ಡೆಯನ್ನು ಯಾರೂ ಕೇಳುವುದಿಲ್ಲ.
ಚೀಟಿಯನ್ನು ಕೇಳುತ್ತಾರೆ.

ರಾತ್ರಿ ಮನೆಗೆ ಬಂದು, ಉಗುರಿನ ಮಣ್ಣು ತೆಗೆದು,
ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ
ಫಿಲೋಮಿನಮ್ಮನನ್ನು ನೋಡುತ್ತೇನೆ.
ಎರಡೇ ಬೀದಿಯಾಚೆ ಅವರ ಮನೆ. ಹೋಗಿ ಕೂರಬಹುದು,
ಹೋದರೆ ಕಾಫಿ ಕಾಸಲು ಏಳುತ್ತಾರೆ, ಹೆಣಿಗೆ ನಿಲ್ಲುತ್ತದೆ.
ಅದಕ್ಕೇ ಲೈವಿನಲ್ಲೇ ಸರಿ.
ಮುಖ ಕಾಣುವುದಿಲ್ಲ. ಎರಡು ಕೈ, ಎರಡು ಕಡ್ಡಿ, ಬೂದು ನೂಲು,
ಒಮ್ಮೊಮ್ಮೆ ಬೆಕ್ಕಿನ ಬಾಲ.
ನೋಡುವವರು ಹನ್ನೊಂದು ಮಂದಿ.
ಅದರಲ್ಲೊಬ್ಬಳು ನಾನು, ಇನ್ನೊಬ್ಬಳು ಕಡೂರಿನ ನರ್ಸು,
ರಾತ್ರಿ ಪಾಳಿಯ ಮಧ್ಯೆ
“ಅಮ್ಮಾ, ಆ ಗಂಟು ಇನ್ನೊಂದ್ಸಲ” ಎಂದು ಬರೆಯುವವಳು.
ಅಮ್ಮ ಬಾಯಲ್ಲಿ ಉತ್ತರ ಕೊಡುವುದಿಲ್ಲ.
ಬಿಚ್ಚುತ್ತಾರೆ.
ಇನ್ನೊಂದ್ಸಲ ಹಾಕುತ್ತಾರೆ.

ಆಷಾಢದಲ್ಲಿ ಇಂದುಧರ ಬಂದ.
ನಮ್ಮ ಓನರ್ ತಂಗಿಯ ಮಗ, ಮಹಡಿ ರೂಮಿನವನು.
ಹರಟೆ ವಿಭಾಗದಲ್ಲಿ ಅವನ ಹೆಸರು
ಸಾವಿರ ಹೆಸರಿನ ಕೆಳಗೆ ಹೂತುಹೋಗಿತ್ತಂತೆ.
“ಅಕ್ಕಾ, ಹೆಣಿಗೆ ಖಾಲಿ ಇದೆ ನೋಡಿ” ಅಂದ,
ಬಸ್ಸಿನಲ್ಲಿ ಕಿಟಕಿ ಸೀಟು ಕಂಡವನ ಹಾಗೆ.
ಟವಲ್ ಹಾಕಿದ.

ಮೇಜಿನ ಮೇಲೊಂದು ಕೆಂಪು ಉಂಡೆ,
ಸುತ್ತಿದ ಕಾಗದವೂ ಹರಿದಿಲ್ಲ.
ಅದಕ್ಕೆರಡು ಕಡ್ಡಿ ಚುಚ್ಚಿದ್ದಾನೆ,
ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿದಂತೆ.
ಆಮೇಲೆ ಬರೀ ಮಾತು: ಯಾರ ಕಾರು, ಯಾರ ಬ್ರೇಕಪ್ಪು,
ಬಿ.ಎಂ. ರಸ್ತೆಯ ಯಾವ ಗಾಡಿಯಲ್ಲಿ ಗೋಬಿ ಗರಿಗರಿ.
ನಾಲ್ಕು ಸಾವಿರ ಜನ.
ಹೆಣಿಗೆಯಲ್ಲಿ ನಾಲ್ಕು ಸಾವಿರ ಜನ,
ಒಂದು ಕುಣಿಕೆಯೂ ಇಲ್ಲ.

ಕಡೂರಿನ ನರ್ಸು ದಾರಿ ತಪ್ಪಿ ಅಲ್ಲಿಗೇ ಹೋದಳು.
“ಕಾಲುಚೀಲದ ಹಿಮ್ಮಡಿ ತಿರುಗಿಸೋದು ಹೇಗೆ?”
“ಹಿಮ್ಮಡಿ ಊರಿ ಗಿರ್ರಂತ!” ಅಂದ.
ಪುಟುಪುಟು ಹಳದಿ ಮುಖಗಳು ಉಕ್ಕಿ ನಕ್ಕವು.
ಅವಳು ಮತ್ತೇನೂ ಬರೆಯಲಿಲ್ಲ.
ಫಿಲೋಮಿನಮ್ಮನಲ್ಲಿ ಆ ರಾತ್ರಿ ಮೂವರು.

ಮಾರನೇ ಸಂಜೆ ಗೋದಾಮಿನಿಂದ ನೇರ ಅವನ ಮೆಟ್ಟಿಲು ಹತ್ತಿದೆ.
ಬೋರ್ಡಿನಲ್ಲಿ ಒಂದು, ಅಂಗಡಿಯಲ್ಲಿ ಒಂದು,
ನಾಚಿಕೆ ಬೇಡವೇನೋ, ಅಂತೆಲ್ಲ ಜೋಡಿಸಿಕೊಂಡಿದ್ದೆ.
ಬಾಗಿಲು ತೆಗೆದವನು ನನ್ನ ಸೆರಗು ನೋಡಿದ.
ದಬ್ಬಳ ಅಲ್ಲೇ ಸಿಕ್ಕಿಕೊಂಡಿತ್ತು,
ದಾರದ ತುದಿಯಲ್ಲಿ ಹಳದಿ ಚೀಟಿ.
“ಅಕ್ಕಾ, ನಿಮ್ ಮೂಟೇಲಿರೋದೆಲ್ಲ ಜಲಂಧರೇನಾ?”

ಕುಹಕವಿರಲಿಲ್ಲ.
ಹುಡುಗನಿಗೆ ನಿಜವಾಗಿ ತಿಳಿಯಬೇಕಿತ್ತು.

ಇಳಿದು ಬಂದೆ.

ಮೇ ಕೊನೆಯಲ್ಲಿ, ಸಾಹುಕಾರರು ಹೇಳಿದರೆಂದು,
ಇನ್ನೂರ ಹತ್ತು ಮೂಟೆ.
ಪಲ್ಯದ ಗೆಡ್ಡೆ, ಅರ್ಧಕ್ಕರ್ಧ ಕಣ್ಣು ಸತ್ತದ್ದು.
ಹೊಲಿದದ್ದು ನಾನು, ಎರಡೆಳೆ ದಾರದಲ್ಲಿ.
ಹೊಲಿಗೆ ಮಾತ್ರ ಎಲ್ಲೂ ಜಾರಿಲ್ಲ.
ಆಲೂರಿನ ಕಡೆ ಯಾರೋ ಕತ್ತರಿಸಿ ನೆಟ್ಟಿರಬೇಕು.
ಮೊಳೆತವೋ ಇಲ್ಲವೋ, ಕೇಳಲು ಹೋಗಿಲ್ಲ.

ಶ್ರಾವಣಕ್ಕೆ ಹೆಣಿಗೆ ಬೇಜಾರಾಗಿ
ಇಂದುಧರ ಪಕ್ಷಿವೀಕ್ಷಣೆ ವಿಭಾಗಕ್ಕೆ ಹಾರಿದ.
ಕೆಂಪು ಉಂಡೆ ಮೆಟ್ಟಿಲ ಮೇಲೆ ಬಿದ್ದಿತ್ತು.
ಫಿಲೋಮಿನಮ್ಮನಿಗೆ ಒಯ್ದು ಕೊಟ್ಟೆ.
ಸುತ್ತಿದ ಕಾಗದವನ್ನು ದೂರ ಹಿಡಿದು ಓದಿದರು: ಅಪ್ಪಟ ಉಣ್ಣೆ.
ಒಂದೆಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದರು.
ಕರಗಿತು. ಕಪ್ಪು ಮಣಿಯಾಗಿ ಗಟ್ಟಿಯಾಯಿತು.
“ಪ್ಲಾಸ್ಟಿಕ್ಕು” ಅಂದರು, ಯಾರನ್ನೂ ಬೈಯದೆ.
“ಇರಲಿ, ಕಾಲಿಗೇನು ಗೊತ್ತಾಗುತ್ತೆ.
ಆ ಕಡೂರಿನ ಹುಡುಗಿ ಬಂದರೆ ಹಿಮ್ಮಡಿ ತೋರಿಸಬೇಕು.”

ಫೋನು ನೆಟ್ಟಗೆ ನಿಲ್ಲಿಸಿ ಕಡ್ಡಿಗೆ ಕುಣಿಕೆ ಏರಿಸತೊಡಗಿದರು.
ನಡುವೆ ಕೇಳಿದರು,
“ಮುಷ್ಟೀಲಿ ಅದೇನು, ಹಳದಿ?”

ಏನಿಲ್ಲ, ಬಸ್ ಟಿಕೆಟ್ಟು ಅಂದೆ.